ಎಷ್ಟು ಸಲ ಬರಬೇಕು? ಇಳಿವಯಸ್ಸಿನ ಚರ್ಮದ ಕ್ಯಾನ್ಸರ್ ಮತ್ತು ರೇಡಿಯೇಶನ್ ಲೆಕ್ಕ

ಹಾವೇರಿ ಕಡೆಯ ಒಬ್ಬ ಅಜ್ಜಿ, ವಯಸ್ಸು ಎಂಬತ್ತೆರಡು, ಮೂಗಿನ ಹೊಳ್ಳೆಯ ಪಕ್ಕದಲ್ಲಿ ಎರಡು ವರ್ಷದಿಂದ ಮಾಯದ ಕಪ್ಪು ಹುಣ್ಣು ಎಂದಿಟ್ಟುಕೊಳ್ಳಿ. ಬಯಾಪ್ಸಿಯಲ್ಲಿ ಚರ್ಮದ ಕ್ಯಾನ್ಸರ್ ಎಂದು ಬಂತು. ಮುಖಕ್ಕೆ ಕತ್ತರಿ ಹಾಕಬೇಡಿ ಎಂದು ಅಜ್ಜಿ ಹಟ ಹಿಡಿದರು, ಡಾಕ್ಟರು ರೇಡಿಯೇಶನ್ ಬರೆದರು. ಇಂಥ ಹೊತ್ತಿನಲ್ಲಿ ಮನೆಯವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ: ನೋವಾಗುತ್ತಾ, ಕೂದಲು ಉದುರುತ್ತಾ, ಖರ್ಚೆಷ್ಟು. ಅಜ್ಜಿ ಕೇಳುವುದೇ ಬೇರೆ: “ಎಷ್ಟ ಸರ್ತಿ ಬರಬೇಕ್ರೀ?” ನನ್ನನ್ನು ಕೇಳಿದರೆ, ಆ ಕೋಣೆಯಲ್ಲಿ ಎದ್ದ ಪ್ರಶ್ನೆಗಳಲ್ಲೆಲ್ಲ ತೂಕದ್ದು ಅದೇ.

ಯಾಕೆಂದರೆ ಅದಕ್ಕೆ ಒಂದೇ ಉತ್ತರವಿಲ್ಲ. ಮೂಗಿನ ಮೇಲಿನ ಅದೇ ಹುಣ್ಣಿಗೆ 30ರಿಂದ 35 ಸಿಟ್ಟಿಂಗ್ ಕೊಡುವ ಪದ್ಧತಿ ಇದೆ, 20ರದ್ದಿದೆ, 10ರದ್ದಿದೆ, 5ರದ್ದಿದೆ. ಸಣ್ಣ ಹುಣ್ಣಾದರೆ ಒಂದೇ ಸಲಕ್ಕೆ ಮುಗಿಸುವುದೂ ಉಂಟು. ಎಲ್ಲವೂ ವೈದ್ಯಶಾಸ್ತ್ರ ಒಪ್ಪಿದ ಲೆಕ್ಕಗಳೇ. ಹಾವೇರಿಯಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬರಲು ಸುಮಾರು 150 ಕಿಲೋಮೀಟರ್. ಮೂವತ್ತು ಸಿಟ್ಟಿಂಗ್ ಎಂದರೆ ಆರು ವಾರ, 4500 ಕಿಲೋಮೀಟರ್. ಐದು ಎಂದರೆ 750. ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಸರಿ. ಜೊತೆಗೆ ಬರುವ ಮಗನಿಗೆ ಟಿಕೆಟ್ಟೂ ಉಂಟು, ತಪ್ಪಿದ ಕೂಲಿಯೂ ಉಂಟು.

ಕಾಯಿಲೆಯ ಸ್ವಭಾವ ಗೊತ್ತಿಲ್ಲದೆ ಈ ಲೆಕ್ಕ ಅರ್ಥವಾಗುವುದಿಲ್ಲ. ಇಳಿವಯಸ್ಸಿನಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಬೇಸಲ್ ಸೆಲ್ ಕಾರ್ಸಿನೋಮ ನಿಧಾನಗತಿಯದು. ಬೇರೆ ಅಂಗಕ್ಕೆ ಹಬ್ಬುವುದು ತೀರಾ ಅಪರೂಪ, ಆದರೆ ಇದ್ದಲ್ಲೇ ಕೊರೆಯುತ್ತಾ ಹೋಗಿ ಮೂಗು, ರೆಪ್ಪೆ, ಕಿವಿಯನ್ನೇ ತಿಂದುಬಿಡಬಲ್ಲದು. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಸ್ವಲ್ಪ ಜೋರಿನದು, ಕೆಲವರಲ್ಲಿ ಕತ್ತಿನ ಅಥವಾ ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಇಳಿಯುತ್ತದೆ. ಬಿಳಿ ಚರ್ಮದ ದೇಶಗಳಲ್ಲಿ ಇವೆರಡೂ ಬಿಸಿಲಿನ ಕಾಯಿಲೆ. ನಮ್ಮಲ್ಲಿ ಬಿಸಿಲಿನ ಜೊತೆ ಬೇರೆ ದಾರಿಗಳೂ ಇವೆ: ಹಳೆಯ ಸುಟ್ಟಗಾಯದ ಕಲೆ, ಕುಷ್ಠದಿಂದ ಸ್ಪರ್ಶ ಹೋದ ಪಾದದಲ್ಲಿ ವರ್ಷಾನುಗಟ್ಟಲೆ ಉಳಿದ ವ್ರಣ, ಸೊಂಟಕ್ಕೆ ಬಿಗಿದ ಲಂಗದ ಲಾಡಿ ಉಜ್ಜಿ ಉಜ್ಜಿ ಆದ ಗಾಯ. ಈ ಕೊನೆಯದನ್ನು ಮುಂಬೈ ಕಡೆಯ ವೈದ್ಯರು ಸೀರೆ ಕ್ಯಾನ್ಸರ್ ಎಂದೇ ಕರೆದರು. 2024ರಲ್ಲಿ ವಾರ್ಧಾ ಮತ್ತು ಬಿಹಾರದಿಂದ ವರದಿಯಾದ ಎರಡು ಪ್ರಕರಣಗಳಲ್ಲಿ ಇಬ್ಬರೂ ಎಪ್ಪತ್ತರ ಆಸುಪಾಸಿನ ಹೆಂಗಸರು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿ ಪ್ರದೇಶದ ಅಂತರ್ಜಲದಲ್ಲಿದ್ದ ಆರ್ಸೆನಿಕ್ ಜನರ ಅಂಗೈ ಅಂಗಾಲುಗಳನ್ನು ಗಂಟುಗಂಟಾಗಿಸಿದ್ದು, ಕೆಲವರಿಗೆ ಚರ್ಮದ ಕ್ಯಾನ್ಸರನ್ನೂ ತಂದದ್ದು ಅಧ್ಯಯನಗಳಲ್ಲಿ ದಾಖಲಾಗಿದೆ.

ಇನ್ನೊಂದು ವಿಷಯ: ನಮ್ಮ ಬಣ್ಣದ ಚರ್ಮದಲ್ಲಿ ಬೇಸಲ್ ಸೆಲ್ ಗಡ್ಡೆ ಹೆಚ್ಚಾಗಿ ಕಪ್ಪಾಗಿಯೇ ಇರುತ್ತದೆ. ಹಾಗಾಗಿ ಮಚ್ಚೆ ಎಂದೋ ನರುಲಿ ಎಂದೋ ಸುಣ್ಣ–ಸೋಡಾ ಹಚ್ಚಿ ಸುಡುವುದು ನಡೆದೇ ಇರುತ್ತದೆ. ಮೇಲಿನ ಹಕ್ಕಳೆ ಉದುರುತ್ತದೆ, ಬೇರು ಒಳಗೇ ಇರುತ್ತದೆ, ಎರಡು ವರ್ಷ ಕಳೆದುಹೋಗುತ್ತದೆ. ಎಪ್ಪತ್ತು ದಾಟಿದವರ ಮುಖದಲ್ಲಿ ಎರಡು ತಿಂಗಳಾದರೂ ಮಾಯದ ಹುಣ್ಣಿದ್ದರೆ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಬಯಾಪ್ಸಿ ಇಲ್ಲದೆ ರೇಡಿಯೇಶನ್ ಶುರುಮಾಡುವ ಮಾತೇ ಇಲ್ಲ.

ಈಗ ಕತ್ತರಿಯೋ ಕಿರಣವೋ ಎಂಬ ಪ್ರಶ್ನೆ. ಕಿರಣದ ಚರಿತ್ರೆ ಹಳೆಯದು. ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ನಾಲ್ಕೇ ವರ್ಷದಲ್ಲಿ, 1899ರಲ್ಲಿ, ಸ್ಟಾಕ್‌ಹೋಮಿನ ಥಾರ್ ಸ್ಟೆನ್‌ಬೆಕ್ ಒಬ್ಬ ಮಹಿಳೆಯ ಮೂಗಿನ ಮೇಲಿನ ಇಂಥದೇ ಗಡ್ಡೆಗೆ ಅದನ್ನು ಬಳಸಿ ಗುಣಪಡಿಸಿದ್ದರು. ಕಿರಣದಿಂದ ವಾಸಿಯಾದ ಮೊದಲ ಕ್ಯಾನ್ಸರ್‌ಗಳಲ್ಲಿ ಚರ್ಮದ್ದೇ ಮುಂದು. ಹಾಗಿದ್ದೂ ಇವತ್ತು ಮೊದಲ ಆಯ್ಕೆ ಶಸ್ತ್ರಚಿಕಿತ್ಸೆಯೇ, ಅದಕ್ಕೆ ಪುರಾವೆಯಿದೆ. ಫ್ರಾನ್ಸಿನಲ್ಲಿ ಮುಖದ ಬೇಸಲ್ ಸೆಲ್ ಗಡ್ಡೆಯಿದ್ದ 347 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಶನ್ ಕೊಟ್ಟರು. 1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನಾಲ್ಕು ವರ್ಷದಲ್ಲಿ ಚಿಕಿತ್ಸೆ ಸೋತದ್ದು ಆಪರೇಷನ್ ಆದವರಲ್ಲಿ ಶೇ. 0.7, ಕಿರಣ ಪಡೆದವರಲ್ಲಿ ಶೇ. 7.5. ಮುಖದ ಅಂದದ ವಿಷಯದಲ್ಲೂ ಆಪರೇಷನ್ನೇ ಮುಂದೆ. ಫಲಿತಾಂಶ ಚೆನ್ನಾಗಿದೆ ಎಂದವರು ಅಲ್ಲಿ ಶೇ. 87, ಇಲ್ಲಿ ಶೇ. 69.

ಈ ಅಂಕಿಗಳನ್ನು ಎರಡು ಬಗೆಯಲ್ಲಿ ಓದಬಹುದು. ಸೋಲು ಹತ್ತು ಪಟ್ಟು ಹೆಚ್ಚು ಎಂದು ಸರ್ಜನ್ ಹೇಳುತ್ತಾರೆ. ಕಿರಣ ಪಡೆದ ನೂರು ಜನರಲ್ಲಿ ತೊಂಬತ್ತೆರಡು ಜನರಿಗೆ ನಾಲ್ಕು ವರ್ಷ ಏನೂ ಮರುಕಳಿಸಲಿಲ್ಲ ಎಂದು ರೇಡಿಯೇಶನ್ ವೈದ್ಯರು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಐವತ್ತರವರಿಗೆ ಮೊದಲನೆಯ ಓದು ಸರಿ. ಎಂಬತ್ತೈದರಲ್ಲಿ, ಹೃದಯ ಕುಂಠಿತವಾಗಿ, ಹೊಳ್ಳೆಯನ್ನೇ ತೆಗೆದು ಹಣೆಯ ಚರ್ಮ ತಿರುಗಿಸಿ ಮೂಗು ಕಟ್ಟಬೇಕಾದ ಸ್ಥಿತಿಯಲ್ಲಿರುವವರಿಗೆ ಎರಡನೆಯದು ಸರಿ. ಅಮೆರಿಕದ ಮಾರ್ಗಸೂಚಿಗಳು ಮುಖ್ಯ ಚಿಕಿತ್ಸೆಯಾಗಿ ಕಿರಣವನ್ನು ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ ಮೀಸಲಿಡುವುದೂ ಇದಕ್ಕೇ. ಕಿರಣ ಬಿದ್ದ ಚರ್ಮ ವರ್ಷ ಕಳೆದಂತೆ ತೆಳುವಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಸಣ್ಣ ರಕ್ತನಾಳಗಳು ಜಾಲದಂತೆ ಮೇಲೆ ಕಾಣುತ್ತವೆ. ಬಹಳ ವರ್ಷಗಳ ನಂತರ ಅದೇ ಜಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟುವ ಸಣ್ಣ ಅಪಾಯವೂ ಇದೆ. ನಲವತ್ತರವರ ಮುಂದೆ ಆ ವರ್ಷಗಳಿವೆ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ‘ವಯಸ್ಸಾಗಿದೆ, ಆಪರೇಷನ್ ತಡಕೊಳ್ಳಲ್ಲ, ಕರೆಂಟ್ ಕೊಡಿಸೋಣ’ ಎನ್ನುವುದು ನಮ್ಮ ಮನೆಗಳ ಸಿದ್ಧ ಮಾತು; ಕರೆಂಟ್ ಎಂದರೆ ರೇಡಿಯೇಶನ್ನೇ. ಕೆನ್ನೆಯ ಮೇಲೆ ಒಂದು ಸೆಂಟಿಮೀಟರಿನ ಗಡ್ಡೆಯಾದರೆ ಸ್ಥಳೀಯ ಅರಿವಳಿಕೆ ಚುಚ್ಚಿ ಅರ್ಧ–ಮುಕ್ಕಾಲು ಗಂಟೆಯಲ್ಲಿ ತೆಗೆದು ಹೊಲಿಗೆ ಹಾಕಿ ಅವತ್ತೇ ಮನೆಗೆ ಕಳಿಸುತ್ತಾರೆ. ಇಪ್ಪತ್ತು ದಿನ ಬಸ್ಸು ಹತ್ತಿ ಇಳಿಯುವುದಕ್ಕಿಂತ ಮುದಿ ದೇಹಕ್ಕೆ ಇದೇ ಹಗುರ. ಕಿರಣದ ನಿಜವಾದ ಜಾಗ ಬೇರೆ: ಹೊಳ್ಳೆ, ರೆಪ್ಪೆ, ತುಟಿಯಂಥ, ಕತ್ತರಿಸಿದರೆ ಆಕಾರವೋ ಕೆಲಸವೋ ಕೆಡುವ ಕಡೆ, ಅಂಗೈಯಗಲ ಹರಡಿದ ಗಡ್ಡೆ, ಆಪರೇಷನ್ ಆದ ಮೇಲೆ ಅಂಚಿನಲ್ಲಿ ಅಥವಾ ನರದ ಗುಂಟ ಕ್ಯಾನ್ಸರ್ ಉಳಿದಿದೆ ಎಂದು ವರದಿ ಬಂದಾಗ, ರೋಗಿಯೇ ಕತ್ತರಿ ಬೇಡವೆಂದಾಗ. ಅಮೆರಿಕದ ವಿಕಿರಣ ಚಿಕಿತ್ಸಾ ತಜ್ಞರ ಸಂಘ ಚರ್ಮದ ಈ ಎರಡು ಕ್ಯಾನ್ಸರ್‌ಗಳಿಗೆಂದೇ 2019ರ ಕೊನೆಗೆ ಹೊರಡಿಸಿದ ಮಾರ್ಗಸೂಚಿಯ ಸಾರವೂ ಬಹುಮಟ್ಟಿಗೆ ಇದೇ.

ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಅರ್ಧ ಭಯ. ಮೊದಲ ದಿನ ಕಿರಣ ಕೊಡುವುದೇ ಇಲ್ಲ, ಅಳತೆ ಮಾತ್ರ. ವೈದ್ಯರು ಭೂತಗನ್ನಡಿಯ ದೀಪದಲ್ಲಿ ಹುಣ್ಣಿನ ಅಂಚು ಹುಡುಕಿ, ಮಾರ್ಕರ್ ಪೆನ್ನಿನಲ್ಲಿ ಸುತ್ತ ಗೆರೆ ಎಳೆದು, ಅದರಾಚೆ ಅರ್ಧದಿಂದ ಒಂದು ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ ಎಳೆಯುತ್ತಾರೆ; ಕಣ್ಣಿಗೆ ಕಾಣದ ಬೇರುಗಳಿಗೆ ಆ ಜಾಗ. ಗೆರೆಯ ಆಕಾರಕ್ಕೆ ತಕ್ಕಂತೆ ಸೀಸದ ತಗಡಿನಲ್ಲಿ ಕಿಂಡಿ ಕತ್ತರಿಸುತ್ತಾರೆ. ಮೂಗಾದರೆ ಹೊಳ್ಳೆಯೊಳಗೆ ಮೇಣ ಲೇಪಿಸಿದ ಸೀಸದ ಚೂರು ಇಡುತ್ತಾರೆ, ಮಧ್ಯದ ಗೋಡೆಗೆ ಏಟು ಬೀಳದಿರಲಿ ಎಂದು. ರೆಪ್ಪೆಯಾದರೆ ಮರಗಟ್ಟಿಸುವ ಹನಿ ಹಾಕಿ ರೆಪ್ಪೆಯಡಿ ಪುಟ್ಟ ಲೋಹದ ಚಿಪ್ಪು ಕೂರಿಸುತ್ತಾರೆ. ಹುಣ್ಣಿನ ಮೇಲೆ ಅರ್ಧ–ಒಂದು ಸೆಂಟಿಮೀಟರ್ ದಪ್ಪದ ಜೆಲ್ ಹಾಳೆಯೋ ಮೇಣವೋ ಹಾಸುತ್ತಾರೆ. ಇದರ ಕಾರಣ ಸೊಗಸಾಗಿದೆ: ಲೀನಿಯರ್ ಆಕ್ಸಲರೇಟರ್ ಎಂಬ ರೇಡಿಯೇಶನ್ ಯಂತ್ರದ ಎಲೆಕ್ಟ್ರಾನ್ ಕಿರಣ ಚರ್ಮದ ತೀರಾ ಮೇಲ್ಪದರಕ್ಕೆ ಪೂರ್ತಿ ಬಲ ಕೊಡುವುದಿಲ್ಲ, ಸ್ವಲ್ಪ ಒಳಗೆ ಹೋದ ಮೇಲೆ ಗರಿಷ್ಠಕ್ಕೇರುತ್ತದೆ. ಮೇಣ ಹಾಸಿದರೆ ಆ ಗರಿಷ್ಠ ಚರ್ಮದ ಮೇಲೆಯೇ ಬಂದು ಕೂರುತ್ತದೆ. 6 ಎಂಇವಿ (ಕಿರಣದ ಶಕ್ತಿಯ ಅಳತೆ) ಬಲದ ಈ ಕಿರಣ ಮೂರು ಸೆಂಟಿಮೀಟರಿನೊಳಗೆ ನಿಂತೇಹೋಗುತ್ತದೆ. ಒಳಗಿನ ಮಿದುಳಿಗೋ ಗಂಟಲಿಗೋ ಅದು ತಲುಪುವುದಿಲ್ಲ.

ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಕಿರಣ ಬೀಳುವುದು ಕೆಲವೇ ನಿಮಿಷ. ಬಿಸಿಯಿಲ್ಲ, ನೋವಿಲ್ಲ. ಕಷ್ಟವೇನೆಂದರೆ ಅಲ್ಲಾಡದೆ ಒಬ್ಬರೇ ಮಲಗಿರುವುದು. ಬೆನ್ನು ಬಾಗಿದವರಿಗೆ, ಮಲಗಿದರೆ ಉಸಿರು ಕಟ್ಟುವವರಿಗೆ, ತಲೆ ನಡುಗುವವರಿಗೆ, ಮರೆವಿನ ಕಾಯಿಲೆಯಲ್ಲಿ ಎಲ್ಲಿದ್ದೇನೆಂದೇ ತಿಳಿಯದವರಿಗೆ ಆ ನಾಲ್ಕು ನಿಮಿಷ ದೊಡ್ಡದು. ‘ಅವ್ವನಿಗೆ ಕ್ಯಾನ್ಸರ್ ಅಂತ ಹೇಳಬೇಡ್ರಿ’ ಎಂದು ಡಾಕ್ಟರಿಗೆ ಸನ್ನೆ ಮಾಡುವ ಮಕ್ಕಳು ಇದನ್ನು ಯೋಚಿಸಬೇಕು. ಏನು ಯಾಕೆ ಎಂದು ಗೊತ್ತಿಲ್ಲದವರನ್ನು ಸೀಸದ ತಗಡಿನಡಿ ಒಬ್ಬರನ್ನೇ ಮಲಗಿಸಿದರೆ ಅವರು ಎದ್ದು ಕೂರದೆ ಇನ್ನೇನು ಮಾಡುತ್ತಾರೆ? ಅಂದಹಾಗೆ, ಮನೆಗೆ ಬಂದ ಅಜ್ಜಿಯ ಮೈಯಲ್ಲಿ ವಿಕಿರಣವೇನೂ ಉಳಿದಿರುವುದಿಲ್ಲ. ಮೊಮ್ಮಕ್ಕಳನ್ನು ದೂರ ಇಡುವ ಅಗತ್ಯವಿಲ್ಲ.

ಸಿಟ್ಟಿಂಗ್ ಲೆಕ್ಕಕ್ಕೆ ಬರೋಣ. ಕಿರಣವನ್ನು ಸಣ್ಣ ಸಣ್ಣ ಕಂತಿನಲ್ಲಿ ಕೊಡುವುದಕ್ಕೆ ಒಳ್ಳೆಯ ಕಾರಣವಿದೆ. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಆರೋಗ್ಯವಂತ ಜೀವಕೋಶ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಸಾಮರ್ಥ್ಯವಿಲ್ಲ. ಕಂತು ದೊಡ್ಡದಾದಷ್ಟೂ ವರ್ಷಗಳ ನಂತರ ಕಾಣುವ ತೊಂದರೆಗಳು, ಅಂದರೆ ಚರ್ಮ ಗಡುಸಾಗುವುದು, ಬಿಳಿ ಕಲೆ, ಅಪರೂಪಕ್ಕೆ ಕೆಳಗಿನ ಮೃದ್ವಸ್ಥಿ ಸಾಯುವುದು, ಹೆಚ್ಚುತ್ತವೆ. ಹಾಗಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ) 60ರಿಂದ 70 ಗ್ರೇ ಕೊಡುವುದು ಮಾದರಿ ಲೆಕ್ಕ. ಇದನ್ನೇ 20 ಕಂತಿನಲ್ಲಿ 50–55 ಗ್ರೇ, 10ರಲ್ಲಿ 45, 5ರಲ್ಲಿ 35 ಎಂದು ಕುದಿಸಿ ಗಟ್ಟಿಮಾಡಬಹುದು; ಮೂರು ಸೆಂಟಿಮೀಟರಿನೊಳಗಿನ ಗಡ್ಡೆಗೆ ಒಂದೇ ಸಲ 18–20 ಗ್ರೇ. ಒಟ್ಟು ಸಂಖ್ಯೆ ಇಳಿಯಿತೆಂದು ಚಿಕಿತ್ಸೆ ದುರ್ಬಲವಾಯಿತೆಂದಲ್ಲ, ಕಂತು ದೊಡ್ಡದಾದ್ದರಿಂದ ಗಡ್ಡೆಯ ಮೇಲಿನ ಪರಿಣಾಮ ಹತ್ತಿರಹತ್ತಿರ ಅಷ್ಟೇ.

ಅಂದರೆ ಹೆಚ್ಚು ಸಿಟ್ಟಿಂಗ್‌ನಿಂದ ಸಿಗುವ ಲಾಭ ಮುಖ್ಯವಾಗಿ ಮೂರು, ಐದು, ಹತ್ತು ವರ್ಷಗಳ ನಂತರದ ಚರ್ಮದ ಅಂದ. ಕಷ್ಟ ಮಾತ್ರ ಇವತ್ತೇ, ಈ ಆರು ವಾರದಲ್ಲೇ. ಎಪ್ಪತ್ತರಲ್ಲಿ ದಿನಾ ಹೊಲದ ಕಡೆ ಹೋಗಿಬರುವ ಗಟ್ಟಿ ಆಳಿಗೆ ಆ ಲಾಭ ಬೇಕು, ಅವರಿಗೆ ಇಪ್ಪತ್ತು–ಮೂವತ್ತು ಕೊಡುವುದರಲ್ಲಿ ಅರ್ಥವಿದೆ. ತೊಂಬತ್ತರಲ್ಲಿ ಹಾಸಿಗೆಯಿಂದ ಏಳಲು ಇನ್ನೊಬ್ಬರ ಕೈ ಬೇಕಾದವರಿಗೆ ಹತ್ತು ವರ್ಷದ ನಂತರದ ಬಿಳಿ ಕಲೆ ತಪ್ಪಿಸಲೆಂದು ಮೂವತ್ತು ಸಲ ಸ್ಟ್ರೆಚರ್ ಹತ್ತಿಸುವುದು ನನಗಂತೂ ಕ್ರೌರ್ಯವಾಗಿ ಕಾಣುತ್ತದೆ. ಇಲ್ಲಿ ಅಳೆಯಬೇಕಾದ್ದು ವಯಸ್ಸಲ್ಲ, ತ್ರಾಣ. ಕೆನಡಾದ ರಾಕ್‌ವುಡ್ ತಂಡದ 1ರಿಂದ 9ರವರೆಗಿನ ದುರ್ಬಲತೆಯ ಅಳತೆಗೋಲು ಇದಕ್ಕೆಂದೇ ಇದೆ: ತಾನೇ ಸ್ನಾನ ಮಾಡುತ್ತಾರಾ, ಅಡುಗೆ ಮಾಡುತ್ತಾರಾ, ಹೊರಗೆ ಒಬ್ಬರೇ ಹೋಗುತ್ತಾರಾ. ಎರಡು ನಿಮಿಷದ ಪ್ರಶ್ನೆಗಳು. ಹಾಸಿಗೆ ಹಿಡಿದವರಿಗೆ ಗಡ್ಡೆಯಿಂದ ರಕ್ತ, ವಾಸನೆ ನಿಲ್ಲಿಸುವುದಷ್ಟೇ ಗುರಿಯಾದಾಗ ಮೊದಲ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಎಂದು ಮೂರೇ ಸಲ 8 ಗ್ರೇ ಕೊಡುವ ಆಸ್ಟ್ರೇಲಿಯಾ ಮೂಲದ ಕ್ರಮವೊಂದಿದೆ. ಇನ್ನೂ ಸಾಗದಿದ್ದರೆ 8 ಗ್ರೇ ಒಂದೇ ಸಲ.

ಕಡಿಮೆ ಕಂತಿಗೆ ಒಂದು ತೊಡಕಿದೆ, ಯಾರೂ ಅಷ್ಟಾಗಿ ಹೇಳುವುದಿಲ್ಲ. ಚರ್ಮದ ಪ್ರತಿಕ್ರಿಯೆ ಶುರುವಾಗುವುದು ಎರಡು–ಮೂರು ವಾರಕ್ಕೆ. ಆರು ವಾರದ ಚಿಕಿತ್ಸೆಯಲ್ಲಿ ಆಗ ರೋಗಿ ದಿನಾ ನರ್ಸ್ ಕಣ್ಣೆದುರಿಗಿರುತ್ತಾರೆ. ಐದು ಸಿಟ್ಟಿಂಗ್ ಆದವರು ಅಷ್ಟರಲ್ಲಿ ಊರಿಗೆ ಬಂದಿರುತ್ತಾರೆ. ಮೊದಲು ಕಪ್ಪಾಗುತ್ತದೆ, ಮೇಲ್ಪದರ ಸುಲಿಯುತ್ತದೆ, ನೀರು ಸೋರಿ ಹಕ್ಕಳೆ ಕಟ್ಟುತ್ತದೆ. ‘ಕರೆಂಟಿನಿಂದ ಸುಟ್ಟೇಹೋಯ್ತು’ ಎಂದು ಮನೆಯವರು ಗಾಬರಿಯಾಗಿ ಅರಿಶಿನ, ಹಸುವಿನ ತುಪ್ಪ, ಯಾರೋ ಹೇಳಿದ ಸೊಪ್ಪಿನ ರಸ ಮೆತ್ತುವುದು ಆಗಲೇ. ಇದು ಬರಬೇಕಾದ್ದೇ, ಸಾಮಾನ್ಯವಾಗಿ ನಾಲ್ಕಾರು ವಾರದಲ್ಲಿ ಹೊಸ ಚರ್ಮ ಬರುತ್ತದೆ ಎಂದು ಹೊರಡುವ ದಿನವೇ ಹೇಳಿ, ವಾಸಲಿನ್ ಬಟ್ಟೆ ಕಟ್ಟುವುದು ಹೇಗೆಂದು ಸೊಸೆಗೋ ಮಗಳಿಗೋ ಕಲಿಸಿ, ಫೋನ್ ನಂಬರ್ ಕೊಟ್ಟು ಕಳಿಸಬೇಕು. ಹಕ್ಕಳೆಯನ್ನು ಕೀಳಬಾರದು, ಕುಂಕುಮ, ವಿಭೂತಿ, ಪೌಡರ್ ಆ ಜಾಗಕ್ಕೆ ಸದ್ಯ ಬೇಡ, ಬರೀ ನೀರು ಸಾಕು. ಜ್ವರ, ಕೀವು, ದುರ್ವಾಸನೆ ಕಂಡರೆ ಮಾತ್ರ ತಡಮಾಡದೆ ಬರಬೇಕು.

ಸಿಟ್ಟಿಂಗ್ ಸಂಖ್ಯೆ ವಿಜ್ಞಾನದಿಂದ ಮಾತ್ರ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಅಮೆರಿಕವೇ ಉದಾಹರಣೆ. ಅಲ್ಲಿ 65 ದಾಟಿದವರಿಗೆ ಸರಕಾರದ ಮೆಡಿಕೇರ್ ವಿಮೆ. ಚರ್ಮರೋಗ ತಜ್ಞರ ಕ್ಲಿನಿಕ್ಕುಗಳಲ್ಲೇ ಇಡಬಹುದಾದ ಸಣ್ಣ ಎಕ್ಸ್-ರೇ ಯಂತ್ರಗಳು ಬಂದವು, ಬಿಲ್ ಸಿಟ್ಟಿಂಗ್ ಲೆಕ್ಕದಲ್ಲಿ. 2011ರಿಂದ 2013ರ ನಡುವೆ ಇಂಥ ಒಂದು ಬಗೆಯ ಚಿಕಿತ್ಸೆಯ ಬಿಲ್ಲುಗಳು ಹಲವು ಪಟ್ಟು ಏರಿದ್ದು ಅಲ್ಲಿನ ಸಂಶೋಧಕರ, ಪತ್ರಿಕೆಗಳ ಕಣ್ಣಿಗೆ ಬಿತ್ತು. ಈಚೆಗೆ ಪ್ರತಿ ಸಿಟ್ಟಿಂಗ್‌ಗೂ ಅಲ್ಟ್ರಾಸೌಂಡ್ ಚಿತ್ರ ತೆಗೆದು ಕಿರಣ ಕೊಡುವ ಪದ್ಧತಿಯ ಜಾಹೀರಾತು ಜೋರಾಗಿದೆ: ಕತ್ತರಿಯಿಲ್ಲ, ಕಲೆಯಿಲ್ಲ, ಇಪ್ಪತ್ತು ಚಿಲ್ಲರೆ ಭೇಟಿ. ಆದರೆ ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿಯ ಅಧಿಕೃತ ನಿಲುವೇ, ಇದು ಆಪರೇಷನ್ ಆಗದ ಅಥವಾ ಬೇಡವೆಂದ ವಿಶೇಷ ಸಂದರ್ಭಗಳಿಗೆ ಎರಡನೇ ಆಯ್ಕೆ ಎಂಬುದು. ಕಂತಿಗಿಷ್ಟು ಎಂದು ಹಣ ಸಿಗುವ ಕಡೆ ಕಂತು ಕಡಿಮೆ ಮಾಡುವ ಉಮೇದು ಯಾರಿಗೆ ಬಂದೀತು?

ಅದೇ ದೇಶದಿಂದ ಇನ್ನೊಂದು ಅಧ್ಯಯನ ಬಂದಿದೆ, ನನಗೆ ಅದು ಹೆಚ್ಚು ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೋದ ಲಿನೋಸ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು: ಬದುಕಿನ ಕೊನೆಯ ಹಂತದಲ್ಲಿದ್ದವರಿಗೂ ಗಟ್ಟಿಮುಟ್ಟಾದವರಿಗೂ ಚರ್ಮದ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಒಂದೇ ಚಿಕಿತ್ಸೆ ಕೊಡಲಾಗಿತ್ತು. ಆಯುಷ್ಯ ಕಡಿಮೆಯೆಂದು ಗುರುತಿಸಿದ್ದವರಲ್ಲಿ ಶೇ. 43ರಷ್ಟು ಜನ ಐದು ವರ್ಷದೊಳಗೆ ತೀರಿಕೊಂಡರು, ಒಬ್ಬರೂ ಚರ್ಮದ ಕ್ಯಾನ್ಸರಿನಿಂದಲ್ಲ. ನೆದರ್ಲೆಂಡ್ಸಿನ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಸದ್ಯಕ್ಕೆ ಬೇಡವೆಂದ 89 ವೃದ್ಧರ ಬೇಸಲ್ ಸೆಲ್ ಗಡ್ಡೆಗಳನ್ನು ಸುಮ್ಮನೆ ಗಮನಿಸಲಾಯಿತು. ಅರ್ಧಕ್ಕೂ ಹೆಚ್ಚು ಗಡ್ಡೆಗಳು ಆ ಅವಧಿಯಲ್ಲಿ ಬೆಳೆಯಲೇ ಇಲ್ಲ. ಮೂರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಫೋಟೋ ತೆಗೆದು ನೋಡುತ್ತಾ ಇರುವುದೂ ಒಂದು ಚಿಕಿತ್ಸಾ ನಿರ್ಧಾರವೇ. ಸ್ಕ್ವೇಮಸ್ ಬಗೆಗೆ ಮಾತ್ರ ಈ ಧೈರ್ಯ ಸಲ್ಲದು. ಕಣ್ಣಿನಂಚಿನ ಗಡ್ಡೆಗೂ ಸಲ್ಲದು.

ಕಿರಣವೇ ಬೇಡ ಎನ್ನಬೇಕಾದ ಕಡೆಗಳೂ ಇವೆ. ಮೊಣಕಾಲ ಕೆಳಗೆ ರಕ್ತ ಸಂಚಾರ ಕಡಿಮೆ, ಸಕ್ಕರೆ ಕಾಯಿಲೆ ಇದ್ದರಂತೂ ಕಿರಣದ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಸುಟ್ಟ ಕಲೆಯಲ್ಲಿ ಹುಟ್ಟಿದ್ದಕ್ಕೆ ಆಪರೇಷನ್ನೇ ಮೇಲು. ಚರ್ಮ ಬಿಗಿದು ಗಡುಸಾಗುವ ಸ್ಕ್ಲೆರೋಡರ್ಮದಂಥ ಕಾಯಿಲೆ ಇದ್ದವರಲ್ಲಿ, ಮೊದಲೇ ಕಿರಣ ಬಿದ್ದ ಜಾಗದಲ್ಲಿ ತುಂಬಾ ಎಚ್ಚರ ಬೇಕು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ, ನಮ್ಮಲ್ಲಿ ಅಂಗಾಲಿನಲ್ಲಿ ಹೆಚ್ಚು ಕಾಣುವ ಮೆಲನೋಮ ಎಂಬ ಕ್ಯಾನ್ಸರಿನ ಕಥೆಯೇ ಬೇರೆ, ಅಲ್ಲಿ ಕತ್ತರಿ ಮೊದಲು.

ಕರ್ನಾಟಕದಲ್ಲಿ ತೊಂದರೆ ಅಮೆರಿಕದ್ದಕ್ಕೆ ತಿರುವುಮುರುವು. ಚರ್ಮಕ್ಕೆಂದೇ ಇದ್ದ ಹಳೆಯ ಕಡಿಮೆ ಶಕ್ತಿಯ ಎಕ್ಸ್-ರೇ ಯಂತ್ರಗಳು ಹೆಚ್ಚಿನ ಆಸ್ಪತ್ರೆಗಳಿಂದ ಕಣ್ಮರೆಯಾಗಿವೆ. ಕೋಬಾಲ್ಟ್ ಯಂತ್ರದ ಗಾಮಾ ಕಿರಣ ಆಳಕ್ಕೆ ಇಳಿಯುವಂಥದು, ಚರ್ಮಕ್ಕೆ ಒಗ್ಗುವುದಿಲ್ಲ. ಎಲೆಕ್ಟ್ರಾನ್ ಬೇಕೆಂದರೆ ಲೀನಿಯರ್ ಆಕ್ಸಲರೇಟರ್ ಬೇಕು. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಅದರ ಮುಂದೆ ಸ್ತನ, ಬಾಯಿ, ಗರ್ಭಕಂಠದ ಕ್ಯಾನ್ಸರಿನವರ ಸಾಲು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಬಸ್ ಚಾರ್ಜು, ಲಾಡ್ಜು, ಮಗನ ಕೂಲಿ ಅದರಲ್ಲಿ ಬರುವುದಿಲ್ಲ. ಆದರೆ ಒಂದು ಯಂತ್ರ ನಮ್ಮಲ್ಲಿ ಅನೇಕ ಕಡೆ ಈಗಾಗಲೇ ಇದೆ: ಗರ್ಭಕಂಠದ ಕ್ಯಾನ್ಸರಿಗಾಗಿ ತರಿಸಿದ, ವಿಕಿರಣದ ಮೂಲವನ್ನೇ ಗಡ್ಡೆಯ ಪಕ್ಕಕ್ಕೆ ತಂದಿಡುವ ಬ್ರೇಕಿಥೆರಪಿ ಯಂತ್ರ. ಅದರ ಇರಿಡಿಯಂ ಮೂಲವನ್ನೇ, ಮೂಗಿನ ಅಚ್ಚು ತೆಗೆದು ಮಾಡಿದ ಮೇಣದ ಮುಖವಾಡದೊಳಗಿನ ಕೊಳವೆಗಳಲ್ಲಿ ಹರಿಸಿ ಚರ್ಮಕ್ಕೆ ಚಿಕಿತ್ಸೆ ಕೊಡಬಹುದು. ಡೊಂಕುತಿರುವಿನ ಮೂಗು, ಕಿವಿಗೆ ಎಲೆಕ್ಟ್ರಾನಿಗಿಂತ ಅದೇ ಚೆನ್ನಾಗಿ ಹೊಂದುತ್ತದೆ. ಹೊಸ ಯಂತ್ರದ ಖರ್ಚಿಲ್ಲ. ಅಚ್ಚು ಮಾಡುವ ಕೈ, ಲೆಕ್ಕ ಹಾಕುವ ಭೌತವಿಜ್ಞಾನಿ, ಅರ್ಧ ದಿನದ ಸಮಯ ಬೇಕು.

ಮೂವತ್ತು ಸಿಟ್ಟಿಂಗಿನ ಒಬ್ಬ ರೋಗಿ ಯಂತ್ರದ ಮೇಲೆ ಮೂವತ್ತು ಸರದಿ ಹಿಡಿಯುತ್ತಾರೆ. ಅಷ್ಟರಲ್ಲಿ ಐದು ಸಿಟ್ಟಿಂಗಿನ ಆರು ಜನ ಮುಗಿಸಿ ಹೋಗಬಹುದು, ಹಿಂದೆ ಕಾಯುತ್ತಿರುವ ಬಾಯಿ ಕ್ಯಾನ್ಸರಿನವರಿಗೆ ಬೇಗ ತಾರೀಖು ಸಿಗುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಇದು ಆಗಲೇ ಶುರುವಾಗಿದೆ. ಬ್ರಿಟನ್ನಿನ 2020ರ ಅಧ್ಯಯನವೊಂದು ಐದೇ ಸಿಟ್ಟಿಂಗ್ ಮೂರು ವಾರದ ಚಿಕಿತ್ಸೆಗೆ ಸಮ ಎಂದು ತೋರಿಸಿದ ಮೇಲೆ, ಕೋವಿಡ್ ಹೊತ್ತಿನಲ್ಲಿ ಹಲವು ದೇಶಗಳು ಅದಕ್ಕೆ ಹೊರಳಿದವು. ಸಾಲು ಉದ್ದವಿರುವ ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಕಡಿಮೆ ಕಂತು ರೋಗಿಗೂ ಒಳ್ಳೆಯದು, ಆಸ್ಪತ್ರೆಗೂ ಒಳ್ಳೆಯದು. ಅಡ್ಡಿಯಿರುವುದು ಚರ್ಮರೋಗದ ಅಥವಾ ಸರ್ಜರಿಯ ಒಪಿಡಿಯಲ್ಲಿ ಕೂತ ವೃದ್ಧರ ಚೀಟಿ ರೇಡಿಯೇಶನ್ ವಿಭಾಗದ ಮೇಜಿಗೆ ತಲುಪುವ ಹಾದಿಯಲ್ಲಿ. ಬಹಳಷ್ಟು ಸಲ ಅದು ಅಲ್ಲಿಗೆ ಬರುವಷ್ಟರಲ್ಲಿ ಹುಣ್ಣು ಮೂರು ಸೆಂಟಿಮೀಟರ್ ದಾಟಿರುತ್ತದೆ, ಒಂದೇ ಸಲಕ್ಕೆ ಮುಗಿಸುವ ದಾರಿ ಮುಚ್ಚಿರುತ್ತದೆ.